ಒಬ್ಬರ ಪಾಲು

ಏಪ್ರಿಲ್ ೨೧, ಸೋಮವಾರ

ಟೀಚರಮ್ಮನಿಗೆ,

‘ಪ್ರೀತಿಯ’ ಎಂದು ಶುರು ಮಾಡಬೇಕಿತ್ತು. ಎರಡು ಸಲ ಬರೆದೆ, ಎರಡು ಸಲವೂ ಹೊಡೆದುಹಾಕಿದೆ. ಇದು ಮೂರನೆಯ ಹಾಳೆ, ಆ ಮಾತಿಲ್ಲದೆಯೇ ಮುಂದಕ್ಕೆ ಹೋಗುತ್ತೇನೆ. ನಾನು ಕ್ಷೇಮ. ನೀನೂ ಕ್ಷೇಮವೆಂದು ನನಗೆ ಗೊತ್ತು. ಶುಕ್ರವಾರ ತರಕಾರಿ ಅಂಗಡಿಯ ಮುಂದೆ ನಿಂತು ಒಂದೊಂದು ಟೊಮೇಟೊವನ್ನೂ ಒತ್ತಿ ಒತ್ತಿ ಆರಿಸುತ್ತಿದ್ದೆಯಲ್ಲ, ನಿನ್ನನ್ನು ನೋಡಿ ನಾನು ಪಕ್ಕದ ಬೀದಿಗೆ ತಿರುಗಿಕೊಂಡೆ. ಬಿಸಿಲಿನಲ್ಲಿ ಅರ್ಧ ಫರ್ಲಾಂಗು ಹೆಚ್ಚು ನಡೆದೆ. ಅದಕ್ಕೂ ನಿನ್ನನ್ನೇ ಬೈದುಕೊಂಡೆ.

ಉತ್ತರ ತಡವಾಯಿತು. ಕ್ಷಮಿಸು ಎನ್ನುವುದು ವಾಡಿಕೆ, ಬರೆದಿದ್ದೇನೆ ಎಂದುಕೋ. ಕೈತುಂಬ ಕೆಲಸವಿತ್ತು ಎಂದು ಸುಳ್ಳು ಹೇಳುವುದಿಲ್ಲ. ಶಾಲೆಯ ಸಮವಸ್ತ್ರಗಳು ಹೊಲಿಗೆಗೆ ಬರುವುದು ಮುಂದಿನ ತಿಂಗಳು, ಈಗ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದೇನೆ. ನಿನ್ನ ಕಾಗದ ಬಂದಾಗಿನಿಂದ ಮಿಷನ್ನಿನ ಡ್ರಾಯರಿನಲ್ಲಿ ದಾರದ ಉಂಡೆಗಳ ಜೊತೆ ಬಿದ್ದಿತ್ತು. ಬೇಕೆಂದೇ ಅಲ್ಲಿಟ್ಟಿದ್ದೆ.

ನಾಲ್ಕು ಬೀದಿ ಆಚೆ ಇರುವವಳು ಅಂಚೆಯಲ್ಲಿ ಕಾಗದ ಹಾಕುವ ಹಾಗಾಯಿತಲ್ಲ ಎಂದು ನೊಂದುಕೊಂಡಿದ್ದೀಯ. ನೀನು ಎರಡು ಸಲ ಬಂದಾಗ ಬಾಗಿಲು ತೆಗೆಯದವಳು ನಾನೇ, ಫೋನು ಎತ್ತದವಳೂ ನಾನೇ. ಕಿಟಕಿಯ ಪರದೆಯ ಸಂದಿಯಿಂದ ನಿನ್ನ ಚಪ್ಪಲಿ ಕಾಣುತ್ತಿತ್ತು. ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತಿದೆ, ಹೊಲಿಸಿಕೋ.

ಸರಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ಬರುವ ಭಾನುವಾರದಿಂದ ಬೇಸಿಗೆಯ ಸುತ್ತಾಟ ಶುರು, ಏಳು ಗಂಟೆಗೆ ವ್ಯಾನು ಹೊರಡುತ್ತದೆ, ನೀನು ಬರುತ್ತೀಯೋ ಇಲ್ಲವೋ ಎಂದು ಕೇಳಿದ್ದೀಯ. ಬರದಿದ್ದರೆ ಬ್ಯಾಂಕಿನ ಗಂಡ ಹೆಂಡತಿ ಕಾದಿದ್ದಾರೆ, ನಿಮ್ಮಿಬ್ಬರ ಸೀಟು ಅವರಿಗೆ ಕೊಡಬೇಕಾಗುತ್ತದೆ, ಎಷ್ಟು ದಿನವೆಂದು ಖಾಲಿ ಇಟ್ಟುಕೊಂಡು ಹೋಗುವುದು ಎಂದಿದ್ದೀಯ. ಇಪ್ಪತ್ತೆರಡು ವರ್ಷದ ಗೆಳೆತನಕ್ಕೆ ಹೌದು ಇಲ್ಲ ಎರಡರಲ್ಲಿ ಒಂದಕ್ಕೆ ಗುರುತು ಹಾಕು ಎನ್ನುವುದು ಟೀಚರಿಗೆ ಮಾತ್ರ ಹೊಳೆಯುವ ಕ್ರಮ.

ಅದರ ಮೇಲೆ ಕಾಗದದ ಹಿಂಬದಿಯಲ್ಲಿ ಪಟ್ಟಿ ಬೇರೆ. ನಿನ್ನ ಹುಟ್ಟುಗುಣ. ವ್ಯಾನಿನವನು ಬ್ರೆಡ್ಡು, ನೀರು. ಹಲ್ಲಿನ ಡಾಕ್ಟರು ಬೇಯಿಸಿದ ಮೊಟ್ಟೆ ಎಂಟು, ಕಲ್ಲಂಗಡಿ ಒಂದು. ನೀನು ಅನ್ನ, ಮೊಸರು. ಕೊನೆಯಲ್ಲಿ ನಾನು, ನೀನಿಟ್ಟ ಹೆಸರಿನಲ್ಲೇ, ಕತ್ತರಿ: ಸೌತೆಕಾಯಿ.

ಸೌತೆಕಾಯಿ. ಇಪ್ಪತ್ತೊಂದು ಬೇಸಿಗೆ ಹುರಿದ ಮೀನು ತಂದವಳು ನಾನು. ಬೆಳಗಿನ ನಾಲ್ಕಕ್ಕೆ ಎದ್ದು ಮುಳ್ಳು ತೆಗೆದು, ಕೂದಲಿಗೆ ಕೈಗೆ ವಾಸನೆ ಹತ್ತಿಸಿಕೊಂಡು ಹುರಿಯುತ್ತಿದ್ದೆ. ನಿನ್ನ ಪಟ್ಟಿಯಲ್ಲಿ ಸೌತೆಕಾಯಿ ಯಾರ ಪಾಲಿಗೆ ಬರುತ್ತದೆಂದು ನನಗೆ ಗೊತ್ತಿಲ್ಲವೇ? ಜ್ವರದಿಂದ ಎದ್ದವರಿಗೆ, ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡವರಿಗೆ, ಪಾಪ ಕೈಲಾಗುವುದಿಲ್ಲ ಎಂದು ನೀನು ತೀರ್ಮಾನಿಸಿದವರಿಗೆ. ಡಾಕ್ಟರ ತಾಯಿ ತೀರಿಕೊಂಡ ವರ್ಷ ಡಾಕ್ಟರಿಗೆ ಸೌತೆಕಾಯಿ ಬಂದಿತ್ತು. ಅವರು ಅದನ್ನೂ ತಾವು ಹೆಚ್ಚಲಿಲ್ಲ, ಇಡಿಯಾಗಿ ತಂದು ಬೆಂಚಿನ ಮೇಲಿಟ್ಟರು. ನೀನು ಕರುಣೆ ತೋರಿಸಿದರೆ ಅದೂ ತೂಕದ ಪ್ರಕಾರವೇ ಬರುತ್ತದೆ.

ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಬಿಡುತ್ತೇನೆ, ಇನ್ನೊಮ್ಮೆ ಬರೆಯುವುದಿಲ್ಲ. ನೀನು ಚಪ್ಪಾಳೆ ತಟ್ಟಿ ‘ಎಲ್ಲರೂ ಕೂತ್ಕೊಳ್ಳಿ’ ಎನ್ನುತ್ತಿದ್ದುದು ನನಗೆ ಒಂದು ದಿನವೂ ಸೇರಲಿಲ್ಲ. ಐವತ್ತು ದಾಟಿದವರನ್ನು ಐದನೇ ತರಗತಿಯವರ ಹಾಗೆ ಸಾಲಾಗಿ ಕೂರಿಸುತ್ತಿದ್ದೆ. ಡಾಕ್ಟರು ನಮಗೆಲ್ಲ ಸಿಹಿ ತಿನ್ನಬೇಡಿ, ಹಲ್ಲು ಹುಳುಕಾಗುತ್ತದೆ ಎಂದು ಉಪದೇಶ ಮಾಡಿ, ನಾವು ಕೈತೊಳೆಯಲು ನೀರಿನ ಬಳಿಗೆ ಹೋದಾಗ ಎರಡು ಕೇಕು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ವ್ಯಾನಿನವನು ಒಂದೇ ಹಾಡನ್ನು ಹೋಗುವಾಗ ನಾಲ್ಕು ಸಲ, ಬರುವಾಗ ನಾಲ್ಕು ಸಲ ಹಾಕುತ್ತಿದ್ದ. ಕೆರೆಯ ದಂಡೆಯಲ್ಲಿ ನೀವು ಆರಿಸುತ್ತಿದ್ದ ಜಾಗದಲ್ಲಿ ಹನ್ನೊಂದು ಗಂಟೆಯಾದರೆ ನೆರಳು ಅತ್ತ ಸರಿದು ನನ್ನ ಬೆನ್ನು ಸುಡುತ್ತಿತ್ತು. ಯಾರಾದರೂ ‘ಕತ್ತರಿ, ಈಚೆ ಬಾ’ ಎಂದಿರಾ? ಇಲ್ಲ. ನಮ್ಮ ಯಜಮಾನರೊಬ್ಬರೇ ತಮ್ಮ ಟವೆಲನ್ನು ನೆನೆಸಿ ಹಿಂಡಿ ನನ್ನ ಹೆಗಲ ಮೇಲೆ ಹಾಕುತ್ತಿದ್ದರು.

ಅವರ ಮಾತು ಬಂತು. ಬರಲಿ, ಬರಲೆಂದೇ ಕೂತಿದ್ದೇನೆ.

ಇದೆಲ್ಲ ಹೇಗೆ ಶುರುವಾಯಿತೆಂದು ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೆ ನೀನು ಮರೆತವಳ ಹಾಗೆ ನಡೆದುಕೊಂಡಿರುವುದರಿಂದ ನೆನಪಿಸುತ್ತೇನೆ. ಒಂದು ಮೇ ತಿಂಗಳ ಭಾನುವಾರ ಇಡೀ ಬೀದಿಗೆ ಕರೆಂಟು ಹೋಗಿತ್ತು. ಮಹಡಿಯ ಮೇಲೆ ಡಾಕ್ಟರ ಕ್ಲಿನಿಕ್ಕು, ಕೆಳಗೆ ನಮ್ಮವರ ಗಡಿಯಾರದ ಅಂಗಡಿ, ಅದರ ಮುಂಭಾಗದಲ್ಲೇ ನನ್ನ ಹೊಲಿಗೆ. ನೀನು ಊದಿದ ಕೆನ್ನೆ ಹಿಡಿದುಕೊಂಡು ಹಲ್ಲು ತೋರಿಸಲು ಬಂದವಳು. ಕರೆಂಟಿಲ್ಲದೆ ಡಾಕ್ಟರಿಗೆ ಕೊರೆಯುವುದಕ್ಕಾಗಲಿಲ್ಲ. ಎಲ್ಲರೂ ಮೆಟ್ಟಿಲ ಮೇಲೆ ಕೂತು ಬೆವರೊರೆಸಿಕೊಳ್ಳುತ್ತಿದ್ದಾಗ ಎದುರಿಗೆ ಶಾಲಾ ವ್ಯಾನು ತೊಳೆಯುತ್ತಿದ್ದವನು, ‘ಇಲ್ಲಿ ಕೂತು ಬೇಯೋ ಬದಲು ಕೆರೆ ಕಡೆ ಹೋಗೋಣ ಬನ್ನಿ’ ಎಂದ. ಅವರವರ ಮಧ್ಯಾಹ್ನದ ಡಬ್ಬಿ ಹಿಡಿದು ಹೊರಟೆವು. ಹಲ್ಲು ನೋವಿನಲ್ಲಿ ಏನೂ ತಿನ್ನಲಾಗದೆ ಕೂತಿದ್ದ ನೀನು ಚೀಟಿಯ ಮೇಲೆ ಮುಂದಿನ ಭಾನುವಾರಕ್ಕೆ ಯಾರು ಏನು ತರಬೇಕೆಂದು ಬರೆಯಲು ಶುರು ಮಾಡಿದೆ. ಆ ದಿನ ನಮ್ಮವರು ನಕ್ಕಷ್ಟು ನಾನು ಮದುವೆಯಾದ ಮೇಲೆ ನೋಡಿರಲಿಲ್ಲ.

ಏನು ಕೇಳಿದರೂ ‘ಒಂದ್ ನಿಮಿಷ’ ಎನ್ನುವವರಿಗೆ ನಿಮಿಷ ಎಂದೇ ಹೆಸರಿಟ್ಟವಳು ನೀನು. ಪಾಲು ಮಾಡುವ ಕೆಲಸವನ್ನು ಅವರಿಗೆ ಕೊಟ್ಟವಳೂ ನೀನೇ. ಸಾಸಿವೆಯಷ್ಟು ತಿರುಪುಗಳನ್ನು ಚಿಮಟದಲ್ಲಿ ಎತ್ತಿಡುವ ಕೈ ಅದು. ಕಲ್ಲಂಗಡಿ ಕೊಯ್ದರೆ ಒಂದು ಹೋಳು ಇನ್ನೊಂದಕ್ಕಿಂತ ಬೆರಳಿನಷ್ಟೂ ದಪ್ಪವಿರುತ್ತಿರಲಿಲ್ಲ. ತಲೆಗೆ ಎರಡು ಮೊಟ್ಟೆ, ಎರಡು ತುಂಡು ಮೀನು. ಯಾರಾದರೂ ಬಾರದೆ ಹೋದರೆ ಅವರ ಪಾಲನ್ನು ಎಲ್ಲರಿಗಿಂತ ಮೊದಲು ಡಬ್ಬಿಗೆ ತುಂಬಿ ಮುಚ್ಚಳ ಹಾಕಿ ಪಕ್ಕಕ್ಕಿಡುತ್ತಿದ್ದರು. ಆಮೇಲೆಯೇ ನಮಗೆ ಬಡಿಸುವುದು. ಸಂಜೆ ಬರುವಾಗ ವ್ಯಾನು ಅವರ ಮನೆಯ ಮುಂದೆ ನಿಲ್ಲಬೇಕು, ಡಬ್ಬಿ ಕೈಗೆ ಸೇರಬೇಕು. ‘ಉಳಿದದ್ದು ಕೊಟ್ರೆ ಅದು ಪಾಲಲ್ಲ, ಮೊದಲೇ ತೆಗೆದಿಟ್ರೆ ಪಾಲು’ ಎನ್ನುತ್ತಿದ್ದರು. ಡಾಕ್ಟರು ತಾಯಿಯನ್ನು ಆಸ್ಪತ್ರೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾಗ ಡಬ್ಬಿ ಆಸ್ಪತ್ರೆಯ ಮೂರನೇ ಮಹಡಿಗೆ ಹೋಗಿತ್ತು. ಅಮ್ಮನ ಪಾಲೂ ಸೇರಿ ಅದರಲ್ಲಿ ನಾಲ್ಕು ಮೊಟ್ಟೆಯಿದ್ದವು. ಆಕೆಗೆ ಮೂಗಿನ ನಳಿಕೆಯಲ್ಲಿ ಗಂಜಿ ಹಾಕುತ್ತಿದ್ದಾರೆಂದು ಗೊತ್ತಿದ್ದೂ ನಮ್ಮವರು ನಾಲ್ಕು ಇಟ್ಟಿದ್ದರು.

ಅಂಥವರಿಗೆ ಲಕ್ವ ಹೊಡೆದು ಬಲಗೈ ಹೋಯಿತು, ಅರ್ಧ ಬಾಯಿ ಹೋಯಿತು, ಹತ್ತಿಪ್ಪತ್ತು ಮಾತು ಬಿಟ್ಟು ಮಿಕ್ಕ ಮಾತೂ ಹೋಯಿತು. ಕಳೆದ ಬೇಸಿಗೆಯ ಮೊದಲ ಭಾನುವಾರ ಅವರನ್ನು ಹೇಗೆ ನಡೆಸಿಕೊಂಡಿರಿ ಎಂದು ನಾನು ಹೇಳಲೇಬೇಕಾ?

ನಾನು ಅವರಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಕರೆದುಕೊಂಡು ಬಂದಿದ್ದೆ. ವ್ಯಾನಿನವನು ಎತ್ತಿ ಕೂರಿಸಿದ, ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಊಟಕ್ಕೆ ಕೂತಾಗ ಅಭ್ಯಾಸಬಲದಿಂದ ಅವರ ಕೈ ಪಾತ್ರೆಯ ಕಡೆ ಹೋಯಿತು. ಪಾಲು ಮಾಡಲೆಂದೇ ಹೋದದ್ದು, ಆದರೆ ಎಡಗೈಯಲ್ಲಿ ಸೌಟು ನಿಲ್ಲಲಿಲ್ಲ, ಬೆರಳು ಅದ್ದಿಹೋಯಿತು. ಡಾಕ್ಟರ ತಟ್ಟೆಯಿಂದ ಒಂದು ಮೊಟ್ಟೆ ಎತ್ತಿ ನಿನ್ನ ತಟ್ಟೆಗೆ ಹಾಕಿದರು. ಡಾಕ್ಟರು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಇಡೀ ದಿನ ಊರವರ ಬಾಯಲ್ಲಿ ಕೈಯಿಡುವ ಮನುಷ್ಯನಿಗೆ ಅವರ ಬೆರಳು ಹೇಸಿಗೆಯಾಯಿತು. ನೀನು ಪಾತ್ರೆಯನ್ನೆತ್ತಿ ಹಾಸಿದ ಚಾದರದ ಆ ತುದಿಗಿಟ್ಟೆ. ‘ಬಿಸಿ ಇದೆ, ಕೈ ಸುಡತ್ತೆ’ ಎಂದೆ.

ಅದರಲ್ಲಿ ಇದ್ದದ್ದು ಮೊಸರು, ಟೀಚರಮ್ಮ. ನಿಮ್ಮ ಮನೆಯ ಫ್ರಿಜ್ಜಿನಿಂದ ಬಂದ ಮೊಸರು.

ಅವರು ನಿನ್ನ ಮುಖವನ್ನೊಮ್ಮೆ ನೋಡಿದರು. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು, ಆಮೇಲೆ ಎತ್ತಲೇ ಇಲ್ಲ. ನಾನು ತುತ್ತು ಮಾಡಿ ಬಾಯಿಗಿಟ್ಟರೆ ತುಟಿ ಬಿಗಿ ಹಿಡಿದರು. ಗಲ್ಲದ ಮೇಲಿಂದ ಅನ್ನ ಜಾರಿ ಇಸ್ತ್ರಿಯ ಅಂಗಿಯ ಮೇಲೆ ಬಿತ್ತು. ನೀವು ಮೂವರೂ ನೀರಿನ ಕಡೆ ನೋಡುತ್ತ, ಈ ವರ್ಷ ಕೆರೆಯಲ್ಲಿ ಬಾತುಕೋಳಿ ಕಡಿಮೆ ಎಂದು ಮಾತಾಡಿಕೊಂಡಿರಿ. ಇಪ್ಪತ್ತೊಂದು ವರ್ಷದಲ್ಲಿ ನಿಮಗೆ ಬಾತುಕೋಳಿಯ ಯೋಚನೆ ಬಂದದ್ದು ಅದೇ ಮೊದಲು.

ಎರಡನೇ ಭಾನುವಾರ ಬೆಳಿಗ್ಗೆ ನಮ್ಮ ಬೀದಿಗೆ ವ್ಯಾನು ಬರಲಿಲ್ಲ. ಸಂಜೆ ಐದೂವರೆಗೆ ಬಂತು. ವ್ಯಾನಿನವನು ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತು, ‘ಟೀಚರ್ ಕೊಟ್ರು ಅಕ್ಕ’ ಎಂದು ಡಬ್ಬಿ ಕೊಟ್ಟ. ನೀರು ಕುಡಿ ಎಂದರೂ ನಿಲ್ಲಲಿಲ್ಲ.

ಡಬ್ಬಿಯನ್ನು ಅವರೇ ತೆರೆದರು. ಎಡಗೈಯಲ್ಲಿ, ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು. ನಾನು ಸಹಾಯಕ್ಕೆ ಹೋದರೆ ಗದರಿದರು. ಒಂದೊಂದನ್ನೇ ಮೇಜಿನ ಮೇಲೆ ಇಟ್ಟರು. ಎರಡು ಮೊಟ್ಟೆ. ಎರಡು ತುಂಡು ಮೀನು, ನೀನು ಹುರಿದದ್ದಿರಬೇಕು, ಸುಟ್ಟುಹೋಗಿತ್ತು. ಕಲ್ಲಂಗಡಿ ಒಂದು ಹೋಳು. ಖಾಲಿ ಡಬ್ಬಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರು, ಕೆಟ್ಟ ಗಡಿಯಾರದ ಒಳಗೆ ನೋಡುವ ಹಾಗೆ. ಆಮೇಲೆ ಎಲ್ಲವನ್ನೂ ನನ್ನ ಕಡೆಗೆ ತಳ್ಳಿ ‘ನಿಂದು’ ಎಂದರು.

ನಾನು ‘ಇಬ್ರಿಗೂ ರೀ, ತಿನ್ನಿ’ ಎಂದೆ.

‘ನಂದು ಬರತ್ತೆ. ಒಂದ್ ನಿಮಿಷ’ ಎಂದರು. ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕೂತರು. ಬೀದಿಯ ದೀಪ ಹತ್ತುವವರೆಗೂ ಕೂತಿದ್ದರು. ಮೊಟ್ಟೆ, ಮೀನು ಯಾವುದನ್ನೂ ಮುಟ್ಟಲಿಲ್ಲ. ನಾನೂ ತಿನ್ನಲಿಲ್ಲ. ಮಾರನೆಯ ದಿನ ಬೀದಿನಾಯಿ ತಿಂದಿತು.

ಇನ್ನೂ ಉಸಿರಾಡುತ್ತಿದ್ದ ಮನುಷ್ಯನನ್ನು ಪಟ್ಟಿಯಿಂದ ತೆಗೆದದ್ದು ನಿಮ್ಮ ಗುಂಪು. ಬಾರದವರಿಗೆ ಮೊದಲು ತೆಗೆದಿಡಬೇಕು ಎಂದು ಕಲಿಸಿದವರಿಗೇ ಪಾಲಿಲ್ಲದ ಹಾಗೆ ಮಾಡಿದಿರಿ. ಆಗಸ್ಟಿನಲ್ಲಿ ಅವರು ಹೋದಾಗ ಮಾತ್ರ ಮೂವರೂ ಒಟ್ಟಿಗೆ ಬಂದಿರಿ. ಹೂವು ತಂದಿರಿ. ಮೂರು ಮನೆಯಿಂದ ಮೂರು ಪಾತ್ರೆ ಅಡುಗೆ ತಂದಿರಿ. ಅಷ್ಟು ಅನ್ನ ಇಟ್ಟುಕೊಂಡು ನಾನೊಬ್ಬಳು ಏನು ಮಾಡಲಿ ಎಂದು ಒಬ್ಬರೂ ಯೋಚಿಸಲಿಲ್ಲ.

ಈಗ ನಿನ್ನ ಕಾಗದದ ಕೊನೆಯ ಸಾಲು. ‘ಆದದ್ದು ಆಯಿತು, ತಪ್ಪೆಲ್ಲ ನನ್ನದೇ ಎಂದುಕೊಂಡು ಬಾ’ ಎಂದು ಬರೆದಿದ್ದೀಯ. ಆ ಸಾಲು ಓದಿಯೇ ನನಗೆ ಮೈಯೆಲ್ಲ ಉರಿದದ್ದು. ದೊಡ್ಡತನ ತೋರಿಸಬೇಡ. ನಿನ್ನ ದೊಡ್ಡತನದ ಪಕ್ಕದಲ್ಲಿ ವ್ಯಾನಿನ ಸೀಟಿನಲ್ಲಿ ಮುದುಡಿ ಕೂತುಕೊಳ್ಳಲು ನನಗೆ ಸಾಧ್ಯವಿಲ್ಲ.

ಆದ್ದರಿಂದ ಉತ್ತರ: ಬರುವುದಿಲ್ಲ. ಈ ಭಾನುವಾರವೂ ಇಲ್ಲ, ಯಾವ ಭಾನುವಾರವೂ ಇಲ್ಲ. ಸೀಟುಗಳನ್ನು ಬ್ಯಾಂಕಿನವರಿಗೆ ಕೊಡು. ಕಿಟಕಿಯ ಪಕ್ಕದ್ದು ನಮ್ಮವರದು, ಅದರ ಸ್ಪ್ರಿಂಗು ಎದ್ದಿದೆ, ಕೂರುವ ಮೊದಲು ಕೆಳಗೆ ಏನಾದರೂ ಮಡಚಿ ಹಾಕಿಕೊಳ್ಳಲು ಹೇಳು.

ನಿನ್ನ ಮಗಳಿಗೆ ಎಂಟು ತಿಂಗಳೆಂದು ಕೇಳಿದೆ. ಅವಳ ಮೇಲೆ ನನಗೆ ಯಾವ ಕೋಪವೂ ಇಲ್ಲ, ನಾನು ಫ್ರಾಕು ಹೊಲಿದುಕೊಟ್ಟು ಬೆಳೆಸಿದ ಹುಡುಗಿ. ಸುಖವಾಗಿ ಹೆರಿಗೆಯಾಗಲಿ, ತಾಯಿ ಮಗು ನೂರು ವರ್ಷ ಚೆನ್ನಾಗಿರಲಿ. ಮಗುವಿಗೆ ಹಳೆಯ ಮೆತ್ತನೆಯ ಬಟ್ಟೆಯ ಆರು ಅಂಗಿ ಹೊಲಿದಿಟ್ಟಿದ್ದೇನೆ, ವ್ಯಾನಿನವನ ಕೈಯಲ್ಲಿ ಕಳಿಸುತ್ತೇನೆ. ನಿನ್ನ ಮೊಣಕಾಲು ನೋವು ಕಡಿಮೆಯಾಗಲಿ. ಡಾಕ್ಟರಿಗೂ ಒಳ್ಳೆಯದಾಗಲಿ.

ಇಂತು,
ಕತ್ತರಿ

ಮಂಗಳವಾರ ಬೆಳಿಗ್ಗೆ

ಮರೆತದ್ದು: ಲಕೋಟೆ ಅಂಟಿಸಿ ಅಂಚೆ ಡಬ್ಬಿಯವರೆಗೂ ಹೋಗಿದ್ದೆ. ಹಾಕಲಾಗದೆ ವಾಪಸ್ಸು ಬಂದು ಒಡೆದಿದ್ದೇನೆ. ಮರೆತದ್ದು ಎಂದು ಬರೆದದ್ದೂ ಸುಳ್ಳು. ಮರೆತಿರಲಿಲ್ಲ.

ಆ ಎರಡು ಭಾನುವಾರಗಳ ನಡುವಿನ ಮಂಗಳವಾರ ಪರದೆಗೆ ಅಂಚು ಹೊಲಿಸುವ ನೆಪ ಮಾಡಿಕೊಂಡು ನೀನು ಅಂಗಡಿಗೆ ಬಂದೆ. ಪರದೆಯ ಅಂಚು ಚೆನ್ನಾಗಿಯೇ ಇತ್ತು. ‘ಮೊಸರಿನ ವಿಷಯ ಮನಸಲ್ಲಿ ಇಟ್ಕೋಬೇಡ, ನನಗೆ ಆವತ್ತು ಏನು ಮಾಡಬೇಕೋ ತೋಚಲಿಲ್ಲ. ಈ ಭಾನುವಾರ ಇಬ್ರೂ ಬನ್ನಿ, ನಾನೇ ಪಕ್ಕ ಕೂತು ತಿನ್ನಿಸ್ತೀನಿ’ ಎಂದೆ. ನಿನ್ನ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿದೆ, ನೋಡದವಳ ಹಾಗೆ ಬಟ್ಟೆಗೆ ಗುಂಡುಸೂಜಿ ಚುಚ್ಚುತ್ತಿದ್ದೆ.

ನಾನು ಹೇಳಿದ ಮಾತು ನಿನಗೆ ನೆನಪಿದೆ, ಆದರೂ ನನ್ನ ಕೈಯಲ್ಲೇ ಬರೆಯುತ್ತೇನೆ. ‘ಬರಲ್ಲ ಕಣೇ. ಎಲ್ಲರ ಮುಂದೆ ಕೂರಿಸಿ ಅವರ ಬಾಯಿ ಒರೆಸಿ ಒರೆಸಿ ನನಗೆ ನಾಚಿಕೆ ಆಗತ್ತೆ. ನನಗೊಬ್ಬಳಿಗೆ ಡಬ್ಬಿ ಕಳಿಸು, ಸಾಕು. ಅವರಿಗೆ ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಗೊತ್ತಾಗಲ್ಲ ಅವರಿಗೆ.’ ನೀನು ‘ಇಲ್ಲ, ಎರಡು ಪಾಲು ಕಳಿಸ್ತೀನಿ’ ಎಂದೆ. ನಾನು ರೇಗಿದೆ. ‘ಒಂದು ಅಂದ್ರೆ ಒಂದು. ಎರಡು ಬಂದ್ರೆ ಡಬ್ಬಿ ವಾಪಸ್ ಬರತ್ತೆ’ ಎಂದೆ.

ಏಳೆಂಟು ತಿಂಗಳಿಂದ ತುತ್ತು ತಿನ್ನಿಸಿ ನನಗೆ ಸಾಕಾಗಿತ್ತು. ಇನ್ನೊಬ್ಬರು ಬೇಯಿಸಿದ ಊಟವನ್ನು ಒಂದು ಸಲ, ಒಬ್ಬಳೇ, ಯಾರ ಬಾಯಿಯ ಕಡೆಗೂ ನೋಡದೆ ತಿನ್ನಬೇಕೆನಿಸಿತ್ತು. ಅಷ್ಟೇ ನನ್ನ ಆಸೆ. ಈಗಲೂ ಅದು ದೊಡ್ಡ ಆಸೆಯೆಂದು ನನಗನಿಸುವುದಿಲ್ಲ. ಆದರೂ ಹೇಗಾಯಿತು ನೋಡು.

ನೀನು ಯಾರಿಗೂ ಹೇಳಲಿಲ್ಲ. ಸಾವಿನ ಮನೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ‘ಆ ಡಬ್ಬಿ ವಿಷಯದಲ್ಲಿ ಟೀಚರ್ ಮಾಡಿದ್ದು ಅನ್ಯಾಯ. ನಾನು ಆವತ್ತೇ ಜಗಳ ಆಡಿದೆ, ಮಾತು ಬಿಟ್ಟಿದ್ದೆ’ ಎಂದರು. ನಾನು ಹೌದೆನ್ನುವ ಹಾಗೆ ತಲೆಯಾಡಿಸಿದೆ. ನೀನು ಅಲ್ಲೇ, ನಾಲ್ಕು ಹೆಜ್ಜೆ ದೂರದಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನಿನಗೆ ಕೇಳಿಸಿತ್ತು, ಕೈ ನಿಂತಿತು, ಮತ್ತೆ ತೊಳೆಯಲು ಶುರು ಮಾಡಿದೆ. ಅಂದಿನಿಂದ ನಿನ್ನ ಮುಖ ನೋಡಲು ನನಗಾಗುತ್ತಿಲ್ಲ. ನೀನು ಒಂದು ಸಲ ನನ್ನನ್ನು ಬಯಲಿಗೆಳೆದಿದ್ದರೆ ಜಗಳವಾಡಿ ಅತ್ತು ಮುಗಿಸಿಬಿಡುತ್ತಿದ್ದೆ.

ಇನ್ನೊಂದು ಮಾತಿದೆ, ಅದು ನಿನಗೂ ಗೊತ್ತಿಲ್ಲ. ಆ ಮಂಗಳವಾರ ಅವರು ಮನೆಯಲ್ಲಿರಲಿಲ್ಲ. ಅಂಗಡಿಯ ಹಿಂಭಾಗದಲ್ಲಿ, ತಮ್ಮ ಹಳೆಯ ಮೇಜಿನ ಮುಂದೆ ಕೂತಿದ್ದರು. ನಮಗೂ ಅವರಿಗೂ ನಡುವೆ ಒಂದು ಹಲಗೆಯ ಗೋಡೆ, ಅಷ್ಟೇ. ನೀನು ಹೋದ ಮೇಲೆ ಒಳಗೆ ಹೋಗಿ ನೋಡಿದೆ, ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂದಿದೆ ಎಂದುಕೊಂಡೆ. ಆ ಭಾನುವಾರ ಸಂಜೆ ಅವರು ಕುರ್ಚಿ ತಿರುಗಿಸಿಕೊಂಡದ್ದು ಡಬ್ಬಿಯ ದಾರಿ ಕಾಯುವುದಕ್ಕೋ, ನನ್ನ ಮುಖ ನೋಡಬಾರದೆಂದೋ, ಗೊತ್ತಿಲ್ಲ. ಕೇಳಬೇಕಾಗಿತ್ತು. ಅವರು ಹೋಗುವವರೆಗೂ ಹದಿನಾಲ್ಕು ವಾರವಿತ್ತು, ನಾನು ಕೇಳಲಿಲ್ಲ.

ಭಾನುವಾರ ಎಲ್ಲರೂ ವ್ಯಾನು ಹತ್ತಿದ ಮೇಲೆ ಈ ಹಾಳೆಯನ್ನು ಗಟ್ಟಿಯಾಗಿ ಓದು. ಮೊದಲಿನ ಹಾಳೆಗಳು ಬೇಡ, ಇದೊಂದು ಸಾಕು. ಡಾಕ್ಟರೂ ಕೇಳಲಿ, ವ್ಯಾನಿನವನೂ ಕೇಳಲಿ. ಕೇಳಿದ ಮೇಲೆ ಅವರು ನೇರವಾಗಿ ಕೆರೆಗೆ ಹೋಗೋಣ ಎಂದರೆ ತಡೆಯಬೇಡ, ಹೋಗಿ. ಇಲ್ಲ, ವ್ಯಾನು ನಮ್ಮ ಬೀದಿಗೆ ತಿರುಗಿದರೆ, ನಾನು ಏಳು ಗಂಟೆಯಿಂದ ಬಾಗಿಲಲ್ಲೇ ನಿಂತಿರುತ್ತೇನೆ.